ಬರೆಯುವವನಿಗೆ ಕೇಳಿದ್ದೇನು?

(ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿ ಇರುವವರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಭೆಯಲ್ಲಿ ಕೆಜಿಎಫ್ ಕಡೆಯವರು ಕೆಲವರಿದ್ದೀರಿ ಎಂದು ಸಂಘಟಕರು ಹೇಳಿದರು. ನನ್ನ ಕೆಲಸ ಅಷ್ಟರಮಟ್ಟಿಗೆ ಹಗುರವಾಯಿತು. ಇಂಗ್ಲೆಂಡಿನ ಚರ್ಚು ಪುಸ್ತಕಗಳ ಬಗ್ಗೆ, ಸೆನ್ಸಸ್ ಹಾಳೆಗಳ ಬಗ್ಗೆ ಇಲ್ಲಿ ಕೂತು ಮಾತಾಡುವುದಕ್ಕೆ ನಮಗೇನು ದರ್ದು ಎಂದು ಯಾರಾದರೂ ಕೇಳಿದರೆ, ಉತ್ತರ ಕೋಲಾರದ ಗಣಿಯಲ್ಲೇ ಇದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರಕ್ಕೆ ಕಾಲಿಟ್ಟಿತು. ನೆಲದಡಿ ಕೆಲಸ ಗೊತ್ತಿದ್ದವರನ್ನು ಅದು ಕರೆತಂದದ್ದು ಬಹುಪಾಲು ಇಂಗ್ಲೆಂಡಿನ ತೀರಾ ನೈರುತ್ಯ ತುದಿಯ ಕಾರ್ನ್‌ವಾಲ್‌ನಿಂದ. ಅಲ್ಲಿ ತಾಮ್ರದ ಬೆಲೆ 1866ರಲ್ಲಿ ಕುಸಿದಿತ್ತು, ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕ್ಯಾಂಬೋರ್ನ್, ರೆಡ್‌ರುತ್, ಇಲೋಗನ್ ಮುಂತಾದ ಪ್ಯಾರಿಷ್‌ಗಳ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳ, ಗಂಡಸರು ಆಸ್ಟ್ರೇಲಿಯಾ, ಮಿಷಿಗನ್, ಮೆಕ್ಸಿಕೋ, ದಕ್ಷಿಣ ಆಫ್ರಿಕಾ ಎಂದು ಚದುರಿಹೋದರು. ಒಂದಷ್ಟು ಮಂದಿ ಕೋಲಾರಕ್ಕೆ ಬಂದರು. ಕೆಲವರು ವಾಪಸ್ ಹೋದರು, ಕೆಲವರು ಇಲ್ಲೇ ಸಂಸಾರ ಹೂಡಿದರು, ಕೆಲವರು ಇಲ್ಲಿನ ಮಣ್ಣಲ್ಲೇ ಇದ್ದಾರೆ.

ಅಂಥವರ ಮೊಮ್ಮಕ್ಕಳು, ಮರಿಮಕ್ಕಳು ಈಗ ವೈಟ್‌ಫೀಲ್ಡಿನಲ್ಲೋ, ಪರ್ತ್‌ನಲ್ಲೋ, ಲಂಡನ್ನಿನಲ್ಲೋ ಕೂತು 'ನಮ್ಮ ಮುತ್ತಾತ ಯಾರು, ಎಲ್ಲಿಯವನು' ಎಂದು ಹುಡುಕುತ್ತಾರೆ. ಅವರು ಹಿಡಿಯಬೇಕಾದ ದಾರಿಯನ್ನೇ ಇವತ್ತು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ದಾರಿಯುದ್ದಕ್ಕೂ ಒಂದು ಪ್ರಶ್ನೆಯನ್ನು ಬಿಡದೆ ಕೇಳುತ್ತಾ ಹೋಗುತ್ತೇನೆ: ಈ ಸಾಲನ್ನು ಬರೆದ ಮನುಷ್ಯನಿಗೆ ಏನು ಬರೆಯಬೇಕು ಎಂದು ಹೇಳಿದ್ದರು? ಯಾಕೆಂದರೆ ಹಳೆಯ ದಾಖಲೆಗಳನ್ನು ಹುಡುಕುವವರು ಸಾಮಾನ್ಯವಾಗಿ 'ನಮ್ಮಜ್ಜನ ಬಗ್ಗೆ ಇದರಲ್ಲಿ ಏನಿದೆ' ಎಂದು ನೋಡುತ್ತಾರೆ. ಬರೆದವನಿಗೆ ನಿಮ್ಮಜ್ಜ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ತೆರಿಗೆ, ದಂಡ, ಧರ್ಮದ ಲೆಕ್ಕ ಅಥವಾ ತಲೆಯೆಣಿಕೆ. ನಿಮ್ಮಜ್ಜ ಆ ಲೆಕ್ಕದ ನಡುವೆ ಸಿಕ್ಕಿಹಾಕಿಕೊಂಡಿದ್ದಾನೆ, ಅಷ್ಟೇ.

ಮೊದಲು ಭಾರತದ ತುದಿ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಲದಿಂದಲೂ ಇಲ್ಲಿನ ಚರ್ಚುಗಳ ಪಾದ್ರಿಗಳು ತಾವು ಮಾಡಿಸಿದ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳ ನಕಲನ್ನು ಪ್ರೆಸಿಡೆನ್ಸಿಯ ಮುಖ್ಯ ಪಟ್ಟಣಕ್ಕೆ ಕಳಿಸಬೇಕಿತ್ತು, ಅಲ್ಲಿಂದ ಅದು ಲಂಡನ್ನಿಗೆ ಹೋಗುತ್ತಿತ್ತು. ಆ ನಕಲುಗಳ ರಾಶಿ ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್ ಎಂಬ ಅಕ್ಷರದಡಿ ಇದೆ. ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಬೊಂಬಾಯಿ. ಬೆಂಗಳೂರು ದಂಡು ಪ್ರದೇಶ, ಕೋಲಾರದ ಗಣಿ ಎಲ್ಲಾ ಮದರಾಸಿನ ಸಾಲಿಗೆ ಬರುತ್ತವೆ. ಇವುಗಳ ಚಿತ್ರಗಳು ಈಗ ದುಡ್ಡು ಕೊಟ್ಟು ನೋಡುವ ಜಾಲತಾಣಗಳಲ್ಲಿವೆ. ಬ್ರಿಟಿಷ್ ಭಾರತದಲ್ಲಿದ್ದ ಮನೆತನಗಳನ್ನು ಹುಡುಕುವವರ ಫಿಬಿಸ್ ಎಂಬ ಸಂಘದವರು ಮಾಡಿರುವ ಸೂಚಿಗಳಲ್ಲಿ ಬಹಳಷ್ಟು ಪುಕ್ಕಟೆಯಾಗಿ ಸಿಗುತ್ತವೆ.

ಇವು ನಕಲು ಎಂಬುದನ್ನು ಮರೆಯಬೇಡಿ. ಮೂಲ ಪುಸ್ತಕ ಇಲ್ಲಿನ ಚರ್ಚಿನಲ್ಲೇ ಇತ್ತು, ಎಷ್ಟೋ ಕಡೆ ಈಗಲೂ ಇದೆ. ನಕಲು ಮಾಡುವವನು ಒಂದು ಸಾಲು ಬಿಟ್ಟರೆ ಲಂಡನ್ನಿನ ಪಾಲಿಗೆ ಆ ಮಗು ಹುಟ್ಟಲೇ ಇಲ್ಲ. ಇನ್ನೊಂದು ವಿಷಯ. ಈ ಪುಸ್ತಕಗಳಲ್ಲಿ ಮದುವೆಯ ಸಾಲು ಗಂಡು ಹೆಣ್ಣಿನ ವಯಸ್ಸು, ಗಂಡಿನ ಕಸುಬು, ಇಬ್ಬರ ತಂದೆಯರ ಹೆಸರು ಕೊಡುತ್ತದೆ. ಶವಸಂಸ್ಕಾರದ ಸಾಲು ಬಹಳ ಸಲ ಸಾವಿನ ಕಾರಣವನ್ನೂ ಹೇಳುತ್ತದೆ. ಇಂಗ್ಲೆಂಡಿನ ಚರ್ಚು ಪುಸ್ತಕದಲ್ಲಿ ಸಾವಿನ ಕಾರಣ ಸಿಗುವ ಭಾಗ್ಯ ಸಾಮಾನ್ಯವಾಗಿ ಇಲ್ಲ. ಆದರೆ ಮನುಷ್ಯ ಇಂಗ್ಲೆಂಡಿನ ಯಾವ ಊರಿನವನು ಎಂಬುದನ್ನು ಇಲ್ಲಿಯ ಪಾದ್ರಿಗೆ ಯಾರೂ ಕೇಳಿರಲಿಲ್ಲ. ಹಾಗಾಗಿ ಅವನು ಬರೆದಿಲ್ಲ.

ಇನ್ನೂ ದೊಡ್ಡದೊಂದು ಖಾಲಿ ಜಾಗ ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹದಿನೆಂಟನೇ ಶತಮಾನದ, ಹತ್ತೊಂಬತ್ತರ ಮೊದಲ ಭಾಗದ ಪುಟಗಳಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಪ್ಪನ ರೆಜಿಮೆಂಟು ಎಲ್ಲಾ ಇರುತ್ತದೆ. ತಾಯಿಯ ಜಾಗದಲ್ಲಿ 'ಸ್ಥಳೀಯ ಹೆಂಗಸು' ಎಂಬರ್ಥದ ಎರಡು ಪದ, ಅಥವಾ ಏನೂ ಇಲ್ಲ. ಅವಳು ಕ್ರೈಸ್ತಳಾಗಿದ್ದರೆ ದೀಕ್ಷೆಯಲ್ಲಿ ಸಿಕ್ಕ ಹೆಸರು ಇರಬಹುದು. ಹುಟ್ಟಿದಾಗ ಅವಳನ್ನು ಏನೆಂದು ಕರೆಯುತ್ತಿದ್ದರು, ಯಾವ ಊರು, ಯಾರ ಮಗಳು, ಒಂದೂ ಇಲ್ಲ. ಎಷ್ಟೋ ಆಂಗ್ಲೋ ಇಂಡಿಯನ್ ಮನೆತನಗಳ ವಂಶವೃಕ್ಷ ಅಪ್ಪನ ಕಡೆ ಇಂಗ್ಲೆಂಡಿನ ಹಳ್ಳಿಯವರೆಗೆ ನಾಲ್ಕು ಶತಮಾನ ಹಿಂದೆ ಹೋಗುತ್ತದೆ, ತಾಯಿಯ ಕಡೆ ಒಂದೇ ಮೆಟ್ಟಿಲಿಗೆ ನಿಂತುಬಿಡುತ್ತದೆ. ಅರ್ಧ ವೃಕ್ಷ ಈ ಮಣ್ಣಿನದು. ಆ ಅರ್ಧಕ್ಕೇ ಹೆಸರಿಲ್ಲ.

ಸರಿ, ಊರು ಗೊತ್ತಿಲ್ಲದ ಗಣಿಗಾರನನ್ನು ಅವನ ಊರಿಗೆ ತಲುಪಿಸುವುದು ಹೇಗೆ? ಇಲ್ಲಿ ಸೆನ್ಸಸ್ ಕೈಹಿಡಿಯುತ್ತದೆ.

ಬ್ರಿಟನ್ನಿನಲ್ಲಿ ಜನಗಣತಿ ಮಾಡಬೇಕೆಂಬ ಮಸೂದೆ 1753ರಲ್ಲೇ ಸಂಸತ್ತಿಗೆ ಬಂದಿತ್ತು. ಇದು ಇಂಗ್ಲಿಷರ ಸ್ವಾತಂತ್ರ್ಯಕ್ಕೇ ಕೊಡಲಿಪೆಟ್ಟು ಎಂದು ವಿರೋಧಿಗಳು ಗಲಾಟೆ ಮಾಡಿದರು, ಮಸೂದೆ ಬಿದ್ದುಹೋಯಿತು. ಕೊನೆಗೆ 1801ರಲ್ಲಿ ಮೊದಲ ಗಣತಿ ಆಯಿತು. ಆದರೆ ಕೇಂದ್ರಕ್ಕೆ ಬೇಕಿದ್ದದ್ದು ಸಂಖ್ಯೆ ಮಾತ್ರ: ಮನೆ ಎಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು. ಹೆಸರು ಬರೆಯಿರಿ ಎಂದದ್ದು 1841ರ ಜೂನ್ 6ರ ಗಣತಿಯಲ್ಲಿ. ಆ ವರ್ಷದ ಪುಟಗಳನ್ನು ನೋಡಿದವರು ಮೊದಲು ತಲೆ ಕೆರೆದುಕೊಳ್ಳುತ್ತಾರೆ. ಪೆನ್ಸಿಲ್ ಬರಹ, ಅಳಿಸಿದಂತಾಗಿರುವ ಸಾಲುಗಳು, ಊರಿಗೆ ಊರೇ 20, 25, 30, 35 ವಯಸ್ಸಿನವರು. 15 ದಾಟಿದವರ ವಯಸ್ಸನ್ನು ಐದರ ಕೆಳಗಿನ ಮೆಟ್ಟಿಲಿಗೆ ಇಳಿಸಿ ಬರೆಯಿರಿ ಎಂದು ಗಣತಿದಾರರಿಗೆ ಹೇಳಿದ್ದರು. 44ರ ಗಂಡಸು 40 ಆಗುತ್ತಾನೆ, 59ರ ಮುದುಕಿ 55 ಆಗುತ್ತಾಳೆ. ಎಲ್ಲ ಗಣತಿದಾರರೂ ಇದನ್ನು ಪಾಲಿಸಲಿಲ್ಲ ಎಂಬುದು ಬೇರೆ ಕಥೆ. ಒಂದೇ ಮನೆಯಲ್ಲಿ ಇರುವವರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದನ್ನೂ ಆ ವರ್ಷ ಕೇಳಲಿಲ್ಲ. ಹುಟ್ಟಿದ ಜಾಗಕ್ಕೆ ಸಂಬಂಧಪಟ್ಟಂತೆ ಇದ್ದದ್ದು 'ಇದೇ ಕೌಂಟಿಯೋ (ಅಂದರೆ ಜಿಲ್ಲೆಯೋ) ಅಲ್ಲವೋ, ಸ್ಕಾಟ್ಲೆಂಡೋ, ಐರ್ಲೆಂಡೋ, ಪರದೇಶವೋ' ಎಂಬಷ್ಟೇ ಪ್ರಶ್ನೆ.

ನಿಜವಾದ ನಿಧಿ 1851ರ ಮಾರ್ಚ್ 30ರ ಗಣತಿ. ಮನೆಯ ಯಜಮಾನನಿಗೆ ಏನಾಗಬೇಕು, ಸರಿಯಾದ ವಯಸ್ಸು, ಕಸುಬು, ಹುಟ್ಟಿದ ಪ್ಯಾರಿಷ್ ಮತ್ತು ಕೌಂಟಿ. ಈ ಕೊನೆಯ ಕಾಲಮ್ಮೇ ನಮಗೆ ಬೀಗದ ಕೈ. ಅಲ್ಲಿ ಒಂದು ಪ್ಯಾರಿಷ್ ಹೆಸರು ಸಿಕ್ಕರೆ ಚರ್ಚಿನ ಪುಸ್ತಕದ ಬಾಗಿಲು ತೆರೆಯುತ್ತದೆ. 1861, 71, 81, 91, 1901, ಪ್ರತಿ ಹತ್ತು ವರ್ಷಕ್ಕೊಮ್ಮೆ ಅದೇ ಮನೆಯನ್ನು ನೋಡಬಹುದು. ಹುಡುಗ 11ನೇ ವಯಸ್ಸಿಗೆ ಗಣಿಯ ಮೇಲ್ಮೈ ಕೆಲಸಕ್ಕೆ ಹೋಗಿದ್ದಾನೆ, ಮುಂದಿನ ಗಣತಿಗೆ ತವರದ ಗಣಿಗಾರ, ಅದರ ಮುಂದಿನದ್ದಕ್ಕೆ ಮನೆಯಲ್ಲೇ ಇಲ್ಲ.

ಹೆಸರನ್ನು ನೆಚ್ಚಿಕೊಂಡು ಕೂತರೆ ಕೆಡುತ್ತೀರಿ. 1851ರಲ್ಲಿ ಲಂಡನ್ನಿನ ಸೋಹೋ, ಡೀನ್ ಸ್ಟ್ರೀಟ್, 28ನೇ ನಂಬರಿನ ಮನೆಯಲ್ಲಿ ಒಬ್ಬ ಬಾಡಿಗೆದಾರನಿದ್ದಾನೆ. ಗಣತಿ ಪುಸ್ತಕದಲ್ಲಿ ಅವನ ಹೆಸರು ಚಾರ್ಲ್ಸ್ ಮಾರ್ಕ್. ಕಸುಬು: ಡಾಕ್ಟರ್, ತತ್ವಶಾಸ್ತ್ರದ ಲೇಖಕ. ಹುಟ್ಟಿದ್ದು ಪ್ರಷ್ಯಾದಲ್ಲಿ. ಯಾರೆಂದು ನಿಮಗೆ ಗೊತ್ತಾಯಿತು. ಕಾರ್ಲ್ ಮಾರ್ಕ್ಸ್‌ಗೇ ಈ ಗತಿಯಾದರೆ, ಓದುಬರಹ ಬಾರದ ಗಣಿಗಾರ ಬಾಯಲ್ಲಿ ಹೇಳಿದ ಹೆಸರನ್ನು ಗಣತಿದಾರ ತನ್ನ ಕಿವಿಗೆ ಕೇಳಿಸಿದಂತೆ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಅದನ್ನು ನಮ್ಮ ಕಾಲದಲ್ಲಿ ಕಂಪ್ಯೂಟರಿಗೆ ಏರಿಸಿದವರು ಇನ್ನೊಂದು ಸುತ್ತು ತಪ್ಪು ಸೇರಿಸುತ್ತಾರೆ. ಹುಡುಕುವಾಗ ಮನೆಹೆಸರು ಬಿಟ್ಟು ಮೊದಲ ಹೆಸರು, ವಯಸ್ಸು, ಹುಟ್ಟಿದೂರು, ಹೆಂಡತಿ ಮಕ್ಕಳ ಹೆಸರು ಕೊಟ್ಟು ನೋಡಿ. ಮಕ್ಕಳ ಪೈಕಿ ಯಾರದ್ದಾದರೂ ಹೆಸರು ಅಪರೂಪದ್ದಾಗಿದ್ದರೆ ಅದನ್ನೇ ಹಿಡಿಯಿರಿ.

ಇನ್ನೊಂದು ಸಂಗತಿ: 1841ರಿಂದ 1901ರವರೆಗೆ ನಾವು ನೋಡುವುದು ಮನೆಯವರು ತುಂಬಿದ ಹಾಳೆ ಅಲ್ಲ. ಗಣತಿದಾರ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡ ಪ್ರತಿ. ಮೂಲ ಹಾಳೆಗಳನ್ನು ಆಮೇಲೆ ನಾಶ ಮಾಡಿದರು. 1911ರದ್ದಾದರೆ ಮನೆಯವರೇ ತುಂಬಿದ ಹಾಳೆ ಉಳಿಯಿತು. ಸಾಧ್ಯವಾದರೆ ಒಮ್ಮೆ ಅಂಥದೊಂದು ಹಾಳೆಯನ್ನು ತೆರೆದು ನಿಧಾನವಾಗಿ ನೋಡಿ. ಆ ವರ್ಷ ಮದುವೆಯಾದ ಹೆಂಗಸರ ಬಗ್ಗೆ ಹೊಸ ಪ್ರಶ್ನೆ ಸೇರಿಸಿದ್ದರು: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು, ಸತ್ತವರೆಷ್ಟು. ಮೂರು ಪುಟ್ಟ ಚೌಕಗಳಲ್ಲಿ ಮೂರು ಅಂಕಿ. 9, 5, 4 ಎಂದಿದ್ದರೆ ಆ ಮನೆಯ ಕಥೆ ಮುಗಿಯಿತು. ವಿಧವೆಯರಿಗೆ ಈ ಪ್ರಶ್ನೆ ಅನ್ವಯಿಸುತ್ತಿರಲಿಲ್ಲ. ಆದರೂ ಅನೇಕರು ತುಂಬಿದರು. ಸತ್ತ ಮಕ್ಕಳ ಹೆಸರನ್ನೂ ಬದುಕಿರುವವರ ಜೊತೆ ಬರೆದು ಕಳಿಸಿದವರಿದ್ದಾರೆ. ಕಚೇರಿಯ ಗುಮಾಸ್ತ ಅದರ ಮೇಲೆ ಅಡ್ಡಗೆರೆ ಎಳೆದಿದ್ದಾನೆ. ಗೆರೆಯ ಕೆಳಗೆ ಹೆಸರು ಇನ್ನೂ ಸ್ಪಷ್ಟವಾಗಿ ಓದಲು ಬರುತ್ತದೆ. ಸರ್ಕಾರಕ್ಕೆ ಬೇಡವಾಗಿದ್ದ ಆ ಸಾಲು ವಂಶ ಹುಡುಕುವವನಿಗೆ ಇಡೀ ಹಾಳೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಅದೇ ಗಣತಿಯನ್ನು ಮತದಾನದ ಹಕ್ಕು ಕೇಳುತ್ತಿದ್ದ ಹೆಂಗಸರು ಬಹಿಷ್ಕರಿಸಿದರು. ಲೆಕ್ಕಕ್ಕಿಲ್ಲದವರನ್ನು ಎಣಿಸುವುದೇಕೆ ಎಂಬುದು ಅವರ ವಾದ. ಎಮಿಲಿ ಡೇವಿಸನ್ ಗಣತಿಯ ರಾತ್ರಿ ಸಂಸತ್ ಭವನದ ನೆಲಮಾಳಿಗೆಯ ಪ್ರಾರ್ಥನಾ ಮಂದಿರದಲ್ಲಿ, ಒಂದು ಕಪಾಟಿನೊಳಗೆ ಅಡಗಿ ಕೂತಳು. ಸಿಕ್ಕಿಬಿದ್ದಳು. ಅವಳ ಹೆಸರಿನ ಮುಂದೆ ವಿಳಾಸ ಎಂದು ಸಂಸತ್ ಭವನವೇ ದಾಖಲಾಯಿತು! ಅವಳ ಬಾಡಿಗೆ ಮನೆಯವರು ಅಲ್ಲೂ ಹೆಸರು ಬರೆಸಿದ್ದರಿಂದ ಅವಳು ಎರಡು ಸಲ ಎಣಿಕೆಯಾದಳು. ಹೋರಾಟಗಾರ್ತಿಯರ ಮನೆತನ ಹುಡುಕುವವರಿಗೆ 1911ರಲ್ಲಿ ಇದ್ದಕ್ಕಿದ್ದಂತೆ ಅಜ್ಜಿ ಕಾಣೆಯಾದರೆ ಗಾಬರಿ ಬೇಡ.

ಈಗ ಕೋಲಾರಕ್ಕೆ ವಾಪಸ್ ಬರುತ್ತೇನೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯ ಅನ್ನಿಸುವ ಜಾಗ ಇದು.

1901ನೇ ಇಸವಿ ತೆಗೆದುಕೊಳ್ಳಿ. ಭಾರತದ ಗಣತಿ ಮಾರ್ಚ್ 1ರಂದು, ಇಂಗ್ಲೆಂಡಿನ ಗಣತಿ ಮಾರ್ಚ್ 31ರಂದು. ಒಂದೇ ಸಾಮ್ರಾಜ್ಯ, ಒಂದೇ ವಸಂತ, ಒಂದು ತಿಂಗಳ ಅಂತರ. ಗಂಡ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಹೆಂಡತಿ ಮಕ್ಕಳು ಕ್ಯಾಂಬೋರ್ನ್‌ನಲ್ಲಿ ಇರುವ ಒಂದು ಸಂಸಾರವನ್ನು ಊಹಿಸಿಕೊಳ್ಳಿ, ಅಂಥವು ಬೇಕಾದಷ್ಟಿದ್ದವು. ಕ್ಯಾಂಬೋರ್ನ್‌ನಲ್ಲಿ ಗಣತಿದಾರ ಬಾಗಿಲು ತಟ್ಟುತ್ತಾನೆ. ಹೆಂಡತಿಯ ಹೆಸರು, ವಯಸ್ಸು, ಹುಟ್ಟಿದ ಪ್ಯಾರಿಷ್ ಬರೆಯುತ್ತಾನೆ. ಸಂಬಂಧದ ಕಾಲಮ್ಮಿನಲ್ಲಿ 'ಯಜಮಾನ' ಎಂಬ ಸಾಲೇ ಇಲ್ಲದೆ ನೇರವಾಗಿ 'ಹೆಂಡತಿ' ಎಂದು ಶುರುವಾಗುತ್ತದೆ. ಕೆಲವು ಸಲ ಪಕ್ಕದಲ್ಲಿ 'ಗಂಡ ಪರದೇಶದಲ್ಲಿ' ಎಂದೂ ಇರುತ್ತದೆ. ಮಕ್ಕಳಲ್ಲಿ ಒಬ್ಬನ ಹುಟ್ಟೂರಿನ ಜಾಗದಲ್ಲಿ 'ಇಂಡಿಯಾ' ಎಂದಿದ್ದರೆ, ತಾಯಿ ಒಂದಷ್ಟು ಕಾಲ ಕೆಜಿಎಫ್‌ನಲ್ಲಿದ್ದು ವಾಪಸಾಗಿದ್ದಾಳೆ ಎಂದರ್ಥ. ಆ ಪುಸ್ತಕ ಇಂದಿಗೂ ಇದೆ.

ಗಂಡನನ್ನು ಒಂದು ತಿಂಗಳ ಹಿಂದೆ ಮೈಸೂರು ಸಂಸ್ಥಾನದ ಗಣತಿದಾರ ಎಣಿಸಿದ್ದಾನೆ. ಹೆಸರನ್ನೂ ಕೇಳಿ ಬರೆದುಕೊಂಡಿದ್ದಾನೆ. ಹಾಗೆ ಬರೆದುಕೊಂಡ ಹಾಳೆಗಳಿಂದ ಕೋಷ್ಟಕ ಮಾಡಿಕೊಂಡರು, ಹಾಳೆಗಳನ್ನು ನಾಶ ಮಾಡಿದರು. ಉಳಿದದ್ದು ಕೋಲಾರ ಗಣಿ ಪ್ರದೇಶದ ಜನಸಂಖ್ಯೆ 38 ಸಾವಿರ ಚಿಲ್ಲರೆ ಎಂಬ ಅಂಕಿ. ಆ ಅಂಕಿಯೊಳಗೆ ಕಾರ್ನ್‌ವಾಲ್‌ನ ಗಂಡನೂ ಇದ್ದಾನೆ, ಅವನ ಕೈಕೆಳಗೆ ಶಾಫ್ಟ್‌ಗೆ ಇಳಿಯುತ್ತಿದ್ದ ಸಾವಿರಾರು ತಮಿಳು, ತೆಲುಗು ಕೂಲಿಗಳೂ ಇದ್ದಾರೆ. ಗಂಡನನ್ನು ಹೆಂಡತಿಯ ಸಾಲಿನಿಂದ, ಎನ್/2 ಪುಸ್ತಕದಿಂದ ಮತ್ತೆ ಎತ್ತಿ ತರಬಹುದು. ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ಕೂಲಿಯನ್ನು ಎಲ್ಲಿಂದ ತರುವುದು? ಅವನು ಕ್ರೈಸ್ತನಾಗಿದ್ದರೆ ಇಗರ್ಜಿಯ ಪುಸ್ತಕ, ಗಣಿಯಲ್ಲಿ ಸತ್ತಿದ್ದರೆ ಅಪಘಾತದ ವರದಿ. ಅಷ್ಟೇ ಸಿಗುವುದು. ಒಂದೇ ಸಾಮ್ರಾಜ್ಯ ಒಂದು ಕಡೆ ಕಾಗದ ಉಳಿಸಿಕೊಂಡಿತು, ಇನ್ನೊಂದು ಕಡೆ ನಾಶ ಮಾಡಿತು. ನಮ್ಮಲ್ಲಿ ದಾಖಲೆ ಇಟ್ಟುಕೊಳ್ಳುವ ಅಭ್ಯಾಸವೇ ಇರಲಿಲ್ಲ ಎಂದು ಗೊಣಗುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಅಭ್ಯಾಸ ಇತ್ತು. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಒಕ್ಕಲು ಮನೆಗಳ ವಂಶಾವಳಿ ಹೇಳುತ್ತಿದ್ದ ಹೆಳವರನ್ನು ನೋಡಿದವರು ಈ ಸಭೆಯಲ್ಲೂ ಇದ್ದೀರಿ.

ಈಗ ಚರ್ಚಿನ ಪುಸ್ತಕ. ಗಣತಿಯಿಂದ ಪ್ಯಾರಿಷ್ ಹೆಸರು ಸಿಕ್ಕಿತು ಎಂದುಕೊಳ್ಳೋಣ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಅಪ್ಪಣೆ ಹೊರಡಿಸಿದ. ಪ್ರತಿ ಪ್ಯಾರಿಷ್ಷೂ ಒಂದು ಪುಸ್ತಕ ಇಡಬೇಕು, ವಾರದ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಭಾನುವಾರ ಹಿರಿಯರ ಎದುರಿಗೆ ಬರೆಯಬೇಕು, ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು, ತಪ್ಪಿದರೆ 3 ಶಿಲಿಂಗ್ 4 ಪೆನ್ಸ್ ದಂಡ. ಇದೇನೋ ಹೊಸ ತೆರಿಗೆಗೆ ಹೂಡಿರುವ ಸಂಚು ಎಂದು ಜನ ಗುಸುಗುಸು ಮಾತಾಡಿದರು. ಆಗ ತೆರಿಗೆ ಬರಲಿಲ್ಲ. 1695ರಲ್ಲಿ ಬಂತು: ಹುಟ್ಟಿಗೆ, ಮದುವೆಗೆ, ಹೆಣ ಹೂಳುವುದಕ್ಕೆ, 25 ದಾಟಿಯೂ ಮದುವೆಯಾಗದ ಗಂಡಸಿಗೆ. 1783ರಲ್ಲಿ ಮತ್ತೊಂದು ಬಂತು, ಪುಸ್ತಕದ ಒಂದೊಂದು ಸಾಲಿಗೂ ಮೂರು ಪೆನ್ಸ್. ಕಡುಬಡವರಿಗೆ ವಿನಾಯಿತಿ. ಹೀಗಾಗಿ ಆ ಹತ್ತು ಹನ್ನೊಂದು ವರ್ಷದ ಪುಟಗಳಲ್ಲಿ ಹೆಸರಿನ ಪಕ್ಕ ಬಡವ ಎಂದು ಸೂಚಿಸುವ 'ಪಿ' ಅಕ್ಷರ ಕಾಣುತ್ತದೆ. ಅದನ್ನು ನೋಡಿ 'ನಮ್ಮವರು ಭಿಕ್ಷೆ ಬೇಡುತ್ತಿದ್ದರಾ' ಎಂದು ಕೊರಗಬೇಕಾಗಿಲ್ಲ. ಪಾದ್ರಿಗೆ ಕನಿಕರ ಇದ್ದಿರಬಹುದು. ತೆರಿಗೆ ಬರುವ ಮುಂಚೆ ಮಕ್ಕಳಿಗೆಲ್ಲ ಒಟ್ಟಿಗೆ ಸ್ನಾನ ಮಾಡಿಸಿದ ಮನೆಗಳೂ ಇದ್ದವು. ಒಂದೇ ದಿನ ಜ್ಞಾನಸ್ನಾನವಾದ ನಾಲ್ವರನ್ನು ಚತುರ್ವಳಿ ಎಂದುಕೊಂಡುಬಿಡಬೇಡಿ!

ಹಳೆಯ ಸಾಲು ಎಷ್ಟು ಬಿಗಿಯಾಗಿರುತ್ತದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ. ಸ್ಟ್ರಾಟ್‌ಫರ್ಡ್‌ನ ಹೋಲಿ ಟ್ರಿನಿಟಿ ಚರ್ಚಿನ ಪುಸ್ತಕದಲ್ಲಿ 1564ರ ಏಪ್ರಿಲ್ 26ರ ಎದುರಿಗೆ ಲ್ಯಾಟಿನ್ನಿನಲ್ಲಿ ಇಷ್ಟೇ ಇದೆ: ಗುಲಿಯೆಲ್ಮುಸ್, ಜಾನ್ ಶೇಕ್ಸ್‌ಪಿಯರನ ಮಗ. ಬರೆದವನ ಲ್ಯಾಟಿನ್ ವ್ಯಾಕರಣವೂ ತಪ್ಪು. ಹುಟ್ಟಿದ ದಿನ ಇಲ್ಲ. ನಾವು ಆಚರಿಸುವ ಏಪ್ರಿಲ್ 23 ಒಂದು ಅಂದಾಜು. ತಾಯಿ ಮೇರಿಯ ಹೆಸರಿಲ್ಲ. ಇಂಗ್ಲಿಷ್ ಭಾಷೆಯ ಅತಿ ದೊಡ್ಡ ಕವಿಯ ತಾಯಿಗೂ, ಬೆಂಗಳೂರು ದಂಡಿನ ಸಿಪಾಯಿಯ ಮಗುವನ್ನು ಹೆತ್ತವಳಿಗೂ ಪುಸ್ತಕದಲ್ಲಿ ಸಿಕ್ಕ ಜಾಗ ಒಂದೇ. ಯಾಕೆಂದರೆ ತಾಯಿಯ ಹೆಸರು ಬರೆ ಎಂದು ಪಾದ್ರಿಗೆ ಯಾರೂ ಹೇಳಿರಲಿಲ್ಲ.

ಇನ್ನೂ ಒಂದು ಮಾತಿದೆ. ಅದು 1564ರಲ್ಲಿ ಬರೆದ ಸಾಲೇ ಅಲ್ಲ. ಮೊದಲ ಪುಸ್ತಕಗಳು ಕಾಗದದವು, ಹಾಳಾಗುತ್ತಿದ್ದವು. 1598ರಲ್ಲಿ ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಿ ಎಂದು ಆಜ್ಞೆಯಾಯಿತು, 'ವಿಶೇಷವಾಗಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ವರ್ಷದಿಂದ' ಎಂಬ ಷರಾ ಸಮೇತ. ರಾಣಿ ಪಟ್ಟಕ್ಕೆ ಬಂದದ್ದು 1558ರಲ್ಲಿ. ಸೋಮಾರಿ ಪಾದ್ರಿಗಳಿಗೆ ಆ ಷರಾ ಸಾಕಾಯಿತು, ಹಿಂದಿನ ಇಪ್ಪತ್ತು ವರ್ಷಗಳನ್ನು ಕೈಬಿಟ್ಟರು. ಬಹಳಷ್ಟು ಪ್ಯಾರಿಷ್‌ಗಳ ಪುಸ್ತಕ 1558ರಿಂದ ಶುರುವಾಗುವುದು ಇದಕ್ಕೇ. ಸ್ಟ್ರಾಟ್‌ಫರ್ಡ್‌ನದ್ದೂ ಹಾಗೇ, ಮೊದಲ ನಲವತ್ತು ವರ್ಷ ಒಂದೇ ಕೈಬರಹ.

ಅದೇ ಪುಸ್ತಕದಲ್ಲಿ, ಅದೇ 1564ರ ಜುಲೈ 11ರಂದು ಒಬ್ಬ ನೇಯ್ಗೆ ಕಲಿಯುತ್ತಿದ್ದ ಹುಡುಗನನ್ನು ಹೂಳಿದ ಸಾಲಿದೆ. ಅದರ ಪಕ್ಕ ಲ್ಯಾಟಿನ್ನಿನ ಮೂರು ಪದ: 'ಇಲ್ಲಿ ಪ್ಲೇಗು ಶುರುವಾಯಿತು.' ಯಾರೂ ಕೇಳಿರಲಿಲ್ಲ, ಬರೆದವನೇ ಬರೆದ. ಇಂಥ ಅಂಚಿನ ಬರಹಗಳು ಸಿಕ್ಕಾಗ ಇಡೀ ಪುಸ್ತಕ ಓದಿದ ಶ್ರಮ ಸಾರ್ಥಕ ಅನ್ನಿಸುತ್ತದೆ. ಸೂಚಿಯಲ್ಲಿ ಹೆಸರು ಹುಡುಕಿ, ಆ ಒಂದು ಸಾಲು ನೋಡಿ ಹೋಗುವವರಿಗೆ ಇವು ಕಾಣುವುದಿಲ್ಲ. ಆದ್ದರಿಂದ ಹಿಂದಿನ ಮುಂದಿನ ನಾಲ್ಕು ಪುಟಗಳನ್ನೂ ಓದಿ ಎಂದು ನನ್ನ ಒತ್ತಾಯ.

ಮುಂದಿನದ್ದನ್ನು ಬೇಗ ಹೇಳುತ್ತೇನೆ. 1752ರವರೆಗೆ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1720ರ ಡಿಸೆಂಬರಿನಲ್ಲಿ ಮದುವೆಯಾಗಿ 1720ರ ಫೆಬ್ರವರಿಯಲ್ಲಿ ಮಗುವಾದರೆ ಅನುಮಾನ ಪಡಬೇಡಿ ಎನ್ನಲಾರೆ, ಆದರೆ ಡಿಸೆಂಬರ್ ಮೊದಲು ಬಂತು, ಫೆಬ್ರವರಿ ಆಮೇಲೆ. 1754ರಿಂದ ಮದುವೆಗೆ ಪ್ರತ್ಯೇಕ ಪುಸ್ತಕ, ವಧೂವರರ ಸಹಿ ಅಥವಾ ಕತ್ತರಿ ಗುರುತು. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮತ್ತು ಯಹೂದಿಗಳನ್ನು ಬಿಟ್ಟು ಎಲ್ಲರೂ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. 1813ರಿಂದ ಅಚ್ಚಾದ ಪುಸ್ತಕ, ಜ್ಞಾನಸ್ನಾನಕ್ಕೆ ತಂದೆ ತಾಯಿ ಇಬ್ಬರ ಹೆಸರು, ವಾಸ, ತಂದೆಯ ಕಸುಬು. ಈ ಅಚ್ಚಿನ ಪುಸ್ತಕ ತಂದ ಕಾನೂನಿನಲ್ಲಿ ಒಂದು ತಮಾಷೆ ಇದೆ. ಸುಳ್ಳು ಬರೆದವನಿಗೆ 14 ವರ್ಷ ಗಡೀಪಾರು. ಇನ್ನೊಂದು ಕಲಮಿನಲ್ಲಿ, ಈ ಕಾನೂನಿನಡಿ ಬರುವ ದಂಡದಲ್ಲಿ ಅರ್ಧ ಸುಳಿವು ಕೊಟ್ಟವನಿಗೆ, ಅರ್ಧ ಊರಿನ ಬಡವರಿಗೆ. ಕಾನೂನಿನಲ್ಲಿ ಉಳಿದಿದ್ದ ಶಿಕ್ಷೆ ಗಡೀಪಾರು ಒಂದೇ. ಅಂದರೆ ಸುಳಿವು ಕೊಟ್ಟವನಿಗೆ ಏಳು ವರ್ಷ!

ಕಾರ್ನ್‌ವಾಲ್‌ನಲ್ಲಿ ಹುಡುಕುವವರಿಗೆ 1754ರ ನಿಯಮ ಒಂದು ಉಪಕಾರ, ಒಂದು ಗೊಂದಲ. ಗಣಿಗಾರರಲ್ಲಿ ಬಹುಪಾಲು ಮೆಥಡಿಸ್ಟ್ ಪಂಥದವರು. ಆ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ ಕಾರ್ನ್‌ವಾಲ್‌ನಲ್ಲೇ ಇರುವ ಗ್ವೆನಪ್‌ನ ಗುಂಡಿಯಲ್ಲಿ 1762ರಿಂದ 1789ರ ನಡುವೆ 18 ಸಲ ಉಪದೇಶ ಮಾಡಿದ್ದ. ಹೀಗಾಗಿ ಗಂಡ ಹೆಂಡತಿ ಮದುವೆಯಾದದ್ದು ಊರ ಚರ್ಚಿನಲ್ಲಿ, ಮಕ್ಕಳಿಗೆ ಜ್ಞಾನಸ್ನಾನ ಆದದ್ದು ಮೆಥಡಿಸ್ಟ್ ಚಾಪೆಲ್ಲಿನಲ್ಲಿ. ಚರ್ಚಿನ ಪುಸ್ತಕದಲ್ಲಿ ಮಗು ಸಿಗಲಿಲ್ಲ ಎಂದು ಕೈಚೆಲ್ಲಿದವರು ಬಹಳ. ಇಂಥ ಚಾಪೆಲ್‌ಗಳ ಪುಸ್ತಕಗಳನ್ನು 1837ರ ನಂತರ ಸರ್ಕಾರ ತರಿಸಿಕೊಂಡಿತು, ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆರ್‌ಜಿ 4 ಎಂಬ ಸರಣಿಯಲ್ಲಿವೆ. ಆ ಜಿಲ್ಲೆಯ ಉಳಿದ ದಾಖಲೆಗಳು ರೆಡ್‌ರುತ್‌ನ ಕ್ರೆಸೆನ್ ಕೆರ್ನೋವ್ ಎಂಬ ದಾಖಲಾಲಯದಲ್ಲಿವೆ. ಹಳೆಯ ಬಿಯರ್ ಕಾರ್ಖಾನೆಯೊಂದರ ಜಾಗದಲ್ಲಿ 2019ರಲ್ಲಿ ಅದನ್ನು ತೆರೆದರು. ಕಾರ್ನ್‌ವಾಲ್‌ನ ಸ್ವಯಂಸೇವಕರು ಪ್ಯಾರಿಷ್ ಪುಸ್ತಕಗಳ ಸಾಲುಗಳನ್ನು ಕೂತು ಟೈಪು ಮಾಡಿ ಪುಕ್ಕಟೆ ಇಟ್ಟಿದ್ದಾರೆ.

ಬಡವರ ಮನೆಯವರಿಗೆ ಒಂದು ಸಮಾಧಾನದ ಮಾತು. ಪ್ಯಾರಿಷ್ಷಿನ ಬಡವರನ್ನು ಸಾಕುವ ಹೊಣೆ 1601ರಿಂದ ಪ್ಯಾರಿಷ್ಷಿನದೇ. ಹಣ ಕೊಡಬೇಕಾದಾಗ ಊರಿನವರು ಯಾರೆಂದು ವಿಚಾರಿಸದೆ ಬಿಡುತ್ತಾರೆಯೇ? ಪರವೂರಿನಿಂದ ಬಂದು ನೆರವು ಕೇಳಿದವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಕೆಲಸ ಮಾಡಿದೆ, ಎಷ್ಟು ಸಂಬಳ, ಯಾವಾಗ ಮದುವೆ, ಮಕ್ಕಳೆಷ್ಟು ಎಂದು ಕೇಳಿ ಬರೆಸಿಕೊಂಡರು. ಮದುವೆಯಾಗದೆ ಹೆತ್ತವಳಿಂದ ಮಗುವಿನ ತಂದೆಯ ಹೆಸರು ಹೇಳಿಸಿ, ಅವನ ಕೈಲಿ ಖರ್ಚಿಗೆ ಮುಚ್ಚಳಿಕೆ ಬರೆಸಿಕೊಂಡರು. ಹದಿನೆಂಟನೇ ಶತಮಾನದ ಒಬ್ಬ ಅನಕ್ಷರಸ್ಥ ಕೂಲಿಯ ಇಡೀ ಜೀವನಚರಿತ್ರೆ ಒಂದು ಪುಟದಲ್ಲಿ ಸಿಗುತ್ತದೆ, ಅವನ ಪಕ್ಕದ ಹೊಲದ ಅನುಕೂಲಸ್ಥ ರೈತನ ಬಗ್ಗೆ ಮೂರು ದಿನಾಂಕ ಬಿಟ್ಟು ಏನೂ ಸಿಗುವುದಿಲ್ಲ. ಅವನ ಬಗ್ಗೆ ಕೇಳುವ ಅಗತ್ಯ ಯಾರಿಗೂ ಬಂದಿರಲಿಲ್ಲ.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬರು ಕೇಳಿದರು: ಹೊಸ ಸೆನ್ಸಸ್‌ಗಳು ಯಾವಾಗ ಸಿಗುತ್ತವೆ? ಬ್ರಿಟನ್ನಿನಲ್ಲಿ ನೂರು ವರ್ಷ ಮುಚ್ಚಿಡುವ ಪದ್ಧತಿ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ಆಮೇಲಿನದ್ದಕ್ಕೆ ಕಾಯುವುದು ಬಹಳ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಹಾಳೆಗಳು 1942ರ ಡಿಸೆಂಬರಿನಲ್ಲಿ ಹೇಸ್ ಎಂಬಲ್ಲಿ ಬೆಂಕಿಗೆ ಆಹುತಿಯಾದವು. ಯುದ್ಧಕಾಲ ನಿಜ, ಆದರೆ ಬಾಂಬು ಬಿದ್ದದ್ದಲ್ಲ. 1941ರಲ್ಲಿ ಗಣತಿಯೇ ಆಗಲಿಲ್ಲ. ಇನ್ನು 1951ರದ್ದೇ, ಅದು 2052ಕ್ಕೆ. ನಡುವೆ 1939ರ ಸೆಪ್ಟೆಂಬರಿನಲ್ಲಿ ಗುರುತಿನ ಚೀಟಿಗಾಗಿ ಮಾಡಿದ ನೋಂದಣಿ ಇದೆ, ಅದನ್ನು ನೋಡಬಹುದು. ಭಾರತದ್ದು ಕೇಳಬೇಡಿ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿಯ ಹಾಳೆ ಯಾರ ಪರಿಶೀಲನೆಗೂ ತೆರೆದಿಲ್ಲ, ನೂರು ವರ್ಷದ ಲೆಕ್ಕವೂ ಅದರಲ್ಲಿಲ್ಲ.

ಇನ್ನೊಬ್ಬರು ಮಂಗಳೂರಿನ ಕಡೆಯ ಕ್ಯಾಥೊಲಿಕರು: ನಮ್ಮಜ್ಜಿಯ ಮನೆತನಕ್ಕೆ ಇದೆಲ್ಲ ಅನ್ವಯಿಸುತ್ತದೆಯೇ? ನಿಮ್ಮ ಸ್ಥಿತಿ ಕೆಲವು ಕಡೆ ಕಷ್ಟ, ಕೆಲವು ಕಡೆ ಇಂಗ್ಲೆಂಡಿನವರಿಗಿಂತ ಸುಲಭ. ಕಷ್ಟ ಯಾಕೆಂದರೆ 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳನ್ನು ಕೆಡವಿದರು. 1799ರ ನಂತರ ಜನ ವಾಪಸ್ ಬಂದು ಮತ್ತೆ ಕಟ್ಟಿಕೊಂಡದ್ದು. ಅದರಾಚೆಗೆ ಹೋಗಬೇಕಾದರೆ ಗೋವಾದ ಮೂಲ ಗೊತ್ತಿರಬೇಕು. ಸುಲಭ ಯಾಕೆಂದರೆ, ರಕ್ತಸಂಬಂಧಿಗಳ ನಡುವೆ ಮದುವೆಯಾಗಬಾರದು, ಜ್ಞಾನಸ್ನಾನದ ಪೋಷಕರ ಜೊತೆಗೂ ಆಗಬಾರದು ಎಂಬ ನಿಯಮ ಕ್ಯಾಥೊಲಿಕ್ ಸಭೆಗಿತ್ತು. ಅದನ್ನು ಪರೀಕ್ಷಿಸಲು ಪಾದ್ರಿಗೆ ತಾಯಿಯ ಹೆಸರೂ ಬೇಕಿತ್ತು, ಪೋಷಕರ ಹೆಸರೂ ಬೇಕಿತ್ತು. ಹಾಗಾಗಿ ಬರೆದಿದ್ದಾರೆ. 1908ರಿಂದ ಈಚೆಗೆ ಇನ್ನೊಂದು ಉಪಕಾರವಾಗಿದೆ: ಒಬ್ಬರ ಮದುವೆ ಎಲ್ಲೇ ಆಗಲಿ, ಆ ಸುದ್ದಿಯನ್ನು ಅವರ ಜ್ಞಾನಸ್ನಾನವಾದ ಇಗರ್ಜಿಗೆ ತಿಳಿಸಿ, ಅಲ್ಲಿನ ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಬರೆಸಬೇಕು. ನಿಮ್ಮಜ್ಜಿಯ ಜ್ಞಾನಸ್ನಾನದ ಸಾಲು ಸಿಕ್ಕರೆ ಅಂಚಿನಲ್ಲಿ ಅಜ್ಜನ ಹೆಸರು, ಮದುವೆಯಾದ ಊರು, ತಾರೀಕು ಇರುವ ಸಂಭವ ಹೆಚ್ಚು. ಆದ್ದರಿಂದ ಪ್ರಮಾಣಪತ್ರ ಕೇಳಬೇಡಿ. ಅದರಲ್ಲಿ ಅಚ್ಚಾದ ಕಾಲಮ್ಮುಗಳಷ್ಟನ್ನೇ ತುಂಬಿ ಕೊಡುತ್ತಾರೆ. ಆ ಪುಟದ ಫೋಟೋ ತೆಗೆಯಲು ಬಿಡುತ್ತಾರಾ ಎಂದು ಕೇಳಿ, ಅಂಚು ಸೇರಿಸಿ ತೆಗೆಯಿರಿ. ಅಂದಾಜು ವರ್ಷ ಹೇಳಿ ಮೊದಲೇ ಒಂದು ಪತ್ರ ಹಾಕಿ, ವಾರದ ನಡುವೆ ಹೋಗಿ. ಭಾನುವಾರ ಹೋದರೆ ಪಾದ್ರಿಗಳಿಗೆ ಪುರುಸೊತ್ತಿರುವುದಿಲ್ಲ.